ಹದಿನೇಳಕ್ಕೆ ನಿಲ್ಲುವುದು

ರೀಗಾದ ಅಂಚಿಗೆ, ಹಿಂದೊಮ್ಮೆ ದಾರ ನೂಲುತ್ತಿದ್ದ ಗಿರಣಿಯಲ್ಲಿ
ಈಗ ನಾವು ಇಸ್ಪೀಟು ಹಂಚುತ್ತೇವೆ.
ಕಿಟಕಿಗಳಿಗೆಲ್ಲ ಕಪ್ಪು ಹಲಗೆ ಬಡಿದಿದ್ದಾರೆ.
ಹೊರಗೆ ಗಂಟೆ ಎಷ್ಟಾದರೂ
ದೀಪದ ಲೆಕ್ಕದಲ್ಲಿ ಸಂಜೆ ಏಳೇ.

ನನ್ನ ಹೆಸರು ಡಾಗ್ನಿಯಾ. ಪರದೆಯ ಮೇಲೆ ಡಯಾನಾ.
ಎಲ್ಲರ ನಾಲಿಗೆಗೂ ಹೊರಳಲಿ ಅಂತ ಕಂಪನಿ ಕೊಟ್ಟದ್ದು,
ನೀಲಿ ಗೌನಿನ ಜೊತೆಗೆ.
ಎದುರಿಗೆ ಮುಖಗಳಿಲ್ಲ, ಮೂರು ಕ್ಯಾಮೆರಾ.
ಗಾಜಿಗೆ ನಗುವುದನ್ನು ಎರಡು ವಾರ ಕಲಿಸುತ್ತಾರೆ.
ಮೇಜಿನಡಿ ಮಾತ್ರ ನಾನು ನಾನೇ:
ಉಣ್ಣೆಯ ಕಾಲುಚೀಲ, ಹೆಬ್ಬೆರಳ ಹತ್ತಿರ ತೂತು.

ಆಟದ ಕಟ್ಟಳೆ ಸರಳ.
ಹದಿನಾರಾದರೆ ಎಳೆಯಬೇಕು, ಹದಿನೇಳಾದರೆ ನಿಲ್ಲಬೇಕು.
'ಎಂಥ ಹಿಡಿತ ನಿನ್ನದು!' ಅಂತ ಬರೆಯುತ್ತಾರೆ ಕೆಲವರು.
ನನ್ನದೆಲ್ಲಿ?
ಅದು ಹಸಿರು ಬಟ್ಟೆಯ ಮೇಲೆ ಅಚ್ಚು ಹಾಕಿದ ಹಿಡಿತ.
ಅವರ ಕಡೆಯ ಬಟ್ಟೆ ಖಾಲಿ.
ಅಲ್ಲಿ ಬರೆದುಕೊಳ್ಳಬೇಕಾದವರು ಅವರೇ.

ಮೂರನೇ ಕುರ್ಚಿಯ ತಾರ್ಮೊ ಬರೆದುಕೊಂಡಿದ್ದ.
ಕೆಮಿ ಎಂಬ ಬಂದರಿನವನು,
ಮಂಜುಗಡ್ಡೆ ಸೀಳುವ ಹಡಗಿನಲ್ಲಿ ಅಡುಗೆಯವನು.
ಮೊಟ್ಟೆ ಬೇಯಿಸುವ ಗಡಿಯಾರ, ಕೋಳಿಯ ಆಕಾರದ್ದು,
ಅದರ ಕತ್ತು ತಿರುವಿಟ್ಟು ಕೂರುತ್ತಿದ್ದ:
ಇಪ್ಪತ್ತೈದು ನಿಮಿಷ, ನಲವತ್ತು ಯೂರೋ,
ಬಂದರೂ ಅಷ್ಟೇ, ಹೋದರೂ ಅಷ್ಟೇ.
'ಕೋಳಿ ಕೂಗಿತು ಡಯಾನಾ'
ಅನ್ನುತ್ತಿದ್ದ; ಕುರ್ಚಿ ಖಾಲಿ.
ಒಮ್ಮೆ ಎಕ್ಕದ ಮೇಲೆ ಎಕ್ಕ ಬಿದ್ದು ಮೇಜೆಲ್ಲ ಜಾತ್ರೆಯಾದಾಗಲೂ
ಕೂಗಿತು. ಎದ್ದ.
ನಗುವ ಕೆಲಸದವಳಿಗೆ ಆವತ್ತು ನಿಜಕ್ಕೂ ನಗು ಬಂತು.

ಉಳಿದವರು, ಬೆಳಗಿನ ಜಾವದವರು,
ಕಳೆದದ್ದನ್ನು ಕಳೆದ ಜಾಗದಲ್ಲೇ ಹುಡುಕುತ್ತಾರೆ.
ಬೀಗದ ಕೈ ಹಾಗೆ ಸಿಕ್ಕೀತು.
ದುಡ್ಡು?

ಫೆಬ್ರವರಿಯಲ್ಲೊಂದು ರಾತ್ರಿ ಕೋಳಿ ಕೂಗಲಿಲ್ಲ.
ಅರ್ಧ ಗಂಟೆ. ಒಂದು ಗಂಟೆ.
ಐದಿದ್ದದ್ದು ಇಪ್ಪತ್ತೈದಾಯಿತು, ಇಪ್ಪತ್ತೈದು ನೂರಾಯಿತು.
ಅವನ ಇಪ್ಪತ್ತಕ್ಕೆ ನನ್ನ ಹದಿನಾಲ್ಕು;
ಎಳೆದೆ, ಎಳೆಯಲೇಬೇಕು,
ಆಟಿನ್ ಏಳು ಬಂತು.
ಬಂದದ್ದು ನನ್ನ ಕೈಯಿಂದಲೇ.

'ಹಡಗು ಹೊರಟಿಲ್ಲವೇ?' ಎಂದು ಕೇಳಿದೆ.
ಅಷ್ಟಕ್ಕೆ ಅಪ್ಪಣೆಯಿದೆ: ಹವೆ, ಊಟ, ಸಾಕಿದ ಬೆಕ್ಕು.
'ಸಾಕು, ಏಳು' ಅನ್ನಲು ಇಲ್ಲ.
ತುಸು ಹೊತ್ತಿಗೆ ಅಕ್ಷರ ಮೂಡಿದವು:
'ಗಡಿಯಾರವನ್ನು ಡ್ರಾಯರಿಗೆ ಹಾಕಿದ್ದೇನೆ.'
ಯಾಕೆಂದು ಕೇಳಲಿಲ್ಲ.
ಹಂಚಿದೆ.

ಪಾಳಿ ಮುಗಿಯಿತು.
ಮೇಜು ಬಿಡುವಾಗ ನಮ್ಮಲ್ಲೊಂದು ಪದ್ಧತಿ:
ಎರಡು ಕೈ ತಟ್ಟಿ, ಬೆರಳು ಬಿಡಿಸಿ,
ಅಂಗೈ ತೋರಿಸಿ, ಮಗುಚಿ ಹಿಂಗೈ ತೋರಿಸಿ
ಏನನ್ನೂ ಒಯ್ಯುತ್ತಿಲ್ಲ ಎಂದು ಕ್ಯಾಮೆರಾಕ್ಕೆ ಸಾಕ್ಷಿ ಹೇಳುವುದು.
ಅರೆ ಚಿಟಿಕೆಯ ಕೆಲಸ.
ಆವತ್ತು ನಿಧಾನ ಮಾಡಿದೆ.
ನೋಡು ತಾರ್ಮೊ,
ಬರಿಗೈಯಲ್ಲಿ ಏಳುವುದಕ್ಕೂ ಒಂದು ರೀತಿಯಿದೆ,
ನಾಚಿಕೆಯಿಲ್ಲದ ರೀತಿ, ದಿನಾ ಮಾಡುತ್ತೇವೆ ನಾವು.
ಮೇಲ್ವಿಚಾರಕ ಬರೆದುಕೊಂಡ: ಆರು ಸೆಕೆಂಡು ತಡ.
ಅವನು ನೋಡಿದನೋ ಇಲ್ಲವೋ.
ಆಗಲೇ ವಿನೆತಾ ಬಂದು ಕೂತು ಹೊಸ ಕಟ್ಟು ಬಿಚ್ಚಿದ್ದಳು.

ಹೊರಗೆ ಟ್ರ್ಯಾಮಿಗೆ ಹದಿಮೂರು ನಿಮಿಷ, ಕೆಸರಾದ ಹಿಮ,
ದೀಪ ಹಚ್ಚಿದ ಗೂಡಂಗಡಿ.
ಅಲ್ಲಿ ಗೀಚುವ ಲಾಟರಿ ಚೀಟಿ ಮಾರುತ್ತಾರೆ.
ದಿನಕ್ಕೊಂದು ಎಂದು ನನ್ನ ನೇಮ,
ಎರಡು ವರ್ಷದಿಂದ ಮುರಿದಿಲ್ಲ.
ಆವತ್ತು ನಾಲ್ಕು ಗೀಚಿದೆ,
ಐದನೆಯದಕ್ಕೆ ಚಿಲ್ಲರೆ ಎಣಿಸುವಾಗ ಟ್ರ್ಯಾಮು ಬಂತು.

ಒಳಗೆ ಕೂತು ಗವುಸು ಹಾಕುವ ಮುಂಚೆ
ಯಾರೂ ಕೇಳದೆ, ಯಾವ ಕ್ಯಾಮೆರಾವೂ ಇಲ್ಲದೆ
ಕೈ ತಿರುಗಿಸಿ ನೋಡಿಕೊಂಡೆ.
ಉಗುರಿನ ಸಂದಿಯಲ್ಲಿ
ಬೆಳ್ಳಿಯ ಪುಡಿ.